ಹಾರ್ಮೋನಿಯಂ ನಮ್ಮದೋ, ಹೊರಗಿನದೋ?

ಪ್ರಶ್ನೆ: ಭಜನೆ, ನಾಟಕ, ಕಛೇರಿ ಎಲ್ಲಿ ಹೋದರೂ ಹಾರ್ಮೋನಿಯಂ ಇರುತ್ತದೆ. ಆದರೂ ಅದು ವಿದೇಶಿ ವಾದ್ಯ ಅಂತಾರಲ್ಲ, ನಿಜವೇ?

ಉತ್ತರ: ಅರ್ಧ ನಿಜ. 1842ರಲ್ಲಿ ಈ ಹೆಸರಿನಲ್ಲಿ ಪೇಟೆಂಟ್ ಪಡೆದವರು ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದಬ್ಯಾಂ. ಅವರದು ಮೇಜಿನಂಥ ದೊಡ್ಡ ವಾದ್ಯ. ಕುರ್ಚಿಯ ಮೇಲೆ ಕೂತು ಕಾಲಲ್ಲಿ ತಿದಿ ಒತ್ತುತ್ತ ಎರಡೂ ಕೈಯಲ್ಲಿ ನುಡಿಸಬೇಕಿತ್ತು. ಪಾದ್ರಿಗಳ, ಬ್ರಿಟಿಷರ ಸಾಮಾನಿನ ಜೊತೆ ಅದು ಭಾರತಕ್ಕೂ ಬಂತು.

ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರಲ್ಲಿ ಅದನ್ನು ನೆಲದ ಮೇಲೆ ಕೂತು ನುಡಿಸುವ ಪೆಟ್ಟಿಗೆ ಮಾಡಿದರು. ಕಾಲಿನ ತಿದಿ ಹೋಗಿ, ಹಿಂಬದಿಗೆ ಕೈತಿದಿ ಬಂತು. ಒಂದು ಕೈ ಗಾಳಿ ಹಾಕುವುದಕ್ಕೇ ಮೀಸಲಾಯಿತು. ಹಲವು ಸ್ವರಗಳನ್ನು ಒಟ್ಟಿಗೆ ಹಿಡಿಯುವ ಯುರೋಪಿನವರಿಗೆ ಇದು ನಷ್ಟದ ಬಾಬತ್ತು. ರಾಗವನ್ನು ಸ್ವರದಿಂದ ಸ್ವರಕ್ಕೆ ಬೆಳೆಸುವ ನಮಗೆ ಒಂದು ಕೈ ಧಾರಾಳ ಸಾಕು. ನಾವು ಇವತ್ತು ನುಡಿಸುವ ಪೆಟ್ಟಿಗೆ ಹುಟ್ಟಿದ್ದು ಅಲ್ಲಿ, ಕಲ್ಕತ್ತೆಯಲ್ಲಿ.

ಹಾಗಂತ ಮೂಲ ಪ್ಯಾರಿಸ್ಸಿಗೇ ನಿಲ್ಲುವುದಿಲ್ಲ. ಪೆಟ್ಟಿಗೆ ಬಿಚ್ಚಿದರೆ ಹಿತ್ತಾಳೆಯ ರೀಡುಗಳ ಸಾಲು ಕಾಣುತ್ತದೆ. ಒಂದೊಂದು ರೀಡಿನಲ್ಲೂ ತೆಳು ನಾಲಗೆ. ಒಂದು ತುದಿ ಬಿಗಿ, ಇನ್ನೊಂದು ತುದಿ ಸಂದಿನಲ್ಲಿ ಎಲ್ಲೂ ತಾಗದೆ ಅದುರುತ್ತದೆ. ಉದ್ದ ನಾಲಗೆಗೆ ಮಂದ್ರ (ತಗ್ಗು ಸ್ವರ), ಗಿಡ್ಡಕ್ಕೆ ತಾರ (ಏರು ಸ್ವರ). ಈ ಉಪಾಯ ಚೀನಾದ ಶೆಂಗ್ ಎಂಬ ಬಿದಿರಿನ ವಾದ್ಯದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಇತ್ತು. ಕ್ರಿ.ಪೂ. 433ರ ಸುಮಾರಿನ ಅರಸನೊಬ್ಬನ ಸಮಾಧಿಯಲ್ಲಿ ಶೆಂಗ್‌ಗಳು ಸಿಕ್ಕಿವೆ. ಯುರೋಪಿನಲ್ಲಿ ಇಂಥ ರೀಡಿನ ವಾದ್ಯಗಳು ಹಬ್ಬಿದ್ದು 18ನೇ ಶತಮಾನದ ಕೊನೆಯಿಂದ ಈಚೆಗೆ.

ಇಷ್ಟಾದರೂ "ವಿದೇಶಿ" ಎಂಬ ಹಣೆಪಟ್ಟಿ ಹೋಗಲಿಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ನಿಷೇಧ ಸಡಿಲಾದದ್ದು 1971ರಲ್ಲಿ. ಟ್ಯಾಗೋರರೂ ಅದರ ವಿರೋಧಿಯೇ. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಹಾರ್ಮೋನಿಯಂನ ಮನೆ, ಅಂದರೆ ಕೀ, ಒತ್ತಿದರೆ ಸ್ವರ ನಿಂತಲ್ಲೇ ನಿಲ್ಲುತ್ತದೆ, ಜಾರುವುದಿಲ್ಲ. ಸ್ವರವನ್ನು ಅಲುಗಿಸುವ ಗಮಕ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಸಿಗುವುದಿಲ್ಲ. ತಂಬೂರಿಯ ತಂತಿ ಮೀಟಿದಾಗ ತಾನಾಗಿ ಮೂಡುವ ಗಾಂಧಾರಕ್ಕಿಂತ (ಸರಿಗಮದ 'ಗ'), ಪಾಶ್ಚಾತ್ಯ ಕ್ರಮದಲ್ಲಿ ಶ್ರುತಿ ಮಾಡಿದ ಹಾರ್ಮೋನಿಯಂನ ಗಾಂಧಾರ ತುಸು ಏರು. ಕಿವಿ ಪಳಗಿದ ಗಾಯಕರಿಗೆ ಅದು ಚುಚ್ಚುತ್ತದೆ. ಆದರೆ ಮೂವತ್ತು ವರ್ಷ ಬಾಗಿಲು ಹಾಕಿದ್ದು ಅತಿಯಾಯಿತು ಅನ್ನುವುದೇ ನನ್ನ ಅಭಿಪ್ರಾಯ. ಆ ಮಿತಿಯೊಳಗೇ ಬೆರಳಿನ ಚಳಕದಿಂದ ಹಿಂದೂಸ್ತಾನಿ ಸಂಗೀತದ ಖಯಾಲ್ ಗಾಯನದ ಬೆನ್ನು ಹಿಡಿದ ಬೆಳಗಾವಿಯ ರಾಮಭಾವು ಬಿಜಾಪುರೆ ಅಂಥವರು ನಮ್ಮಲ್ಲೇ ಇದ್ದರು.

ಕಂಪನಿ ನಾಟಕದವರಂತೂ ಈ ಚರ್ಚೆಗೆ ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೂ ಕೇಳಬೇಕು, ಪಾತ್ರಧಾರಿಗೆ ಶ್ರುತಿ ತಪ್ಪಬಾರದು, ಅಷ್ಟಿದ್ದರೆ ಮುಗಿಯಿತು. ತಮಾಷೆಯೆಂದರೆ, ಕಾಲಲ್ಲಿ ತಿದಿ ತುಳಿಯುವ ದಬ್ಯಾಂ ಕಾಲದ ಕ್ರಮವನ್ನು ಬಿಡದೆ ಉಳಿಸಿಕೊಂಡವರೂ ಇವರೇ, ಲೆಗ್ ಹಾರ್ಮೋನಿಯಂ ಅಂತ. ಎರಡೂ ಕೈ ಬಿಡುವಾಗಿರುವುದರಿಂದ ಹಾರ್ಮೋನಿಯಂ ಮೇಷ್ಟ್ರು ಒಂದು ಕೈಯಲ್ಲಿ ಕಂದಪದ್ಯಕ್ಕೆ ಸ್ವರ ಕೊಡುತ್ತ, ಇನ್ನೊಂದರಲ್ಲಿ ನಟರಿಗೆ ಸನ್ನೆ ಮಾಡಬಹುದು.