ನದಿಗುರುಡು: ದೋಷ ನೀರಿನದಲ್ಲ

ಆಲಮಟ್ಟಿ ಹಿನ್ನೀರಿನ ಕಡೆಯಿಂದ ವಿಜಯಪುರದ ನನ್ನ ಕಣ್ಣಿನ ದವಾಖಾನೆಗೆ ಬಂದಿದ್ದ ಹಿರಿಯರೊಬ್ಬರ ಕಣ್ಣಿನಲ್ಲಿ ಹೂ ಬಿದ್ದಿತ್ತು. “ಹೊಳಿ ನೀರಿನಿಂದ ಕಣ್ಣು ಹೋಗ್ತಾವಂತ ಮೊಮ್ಮಗ ಮೊಬೈಲ್‌ನ್ಯಾಗ ತೋರಿಸ್ಯಾನ್ರಿ ಸಾಹೇಬ್ರ, ಖರೇ ಏನ್ರಿ?” ಎಂದು ಕೇಳಿದರು. ಅವರದು ಕಬ್ಬಿನ ರವದಿ ಬಡಿದು ಆದ ಹುಣ್ಣಿನ ಕಲೆ. ಮೊಮ್ಮಗ ತೋರಿಸಿದ್ದು ನದಿಗುರುಡು. ಅದು ನಮ್ಮ ದೇಶದಲ್ಲಿಲ್ಲ. ಅದರ ರೋಗಿಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮಂದಿ ಆಫ್ರಿಕಾದವರು.

ಆ ರೋಗದಲ್ಲೂ ನೀರು ನಿರ್ದೋಷಿ. ರಭಸವಾಗಿ ಹರಿಯುವ ಹೊಳೆಯಲ್ಲಿ ಮರಿ ಮಾಡುವ ಒಂದು ಜಾತಿಯ ಕಪ್ಪು ನೊಣ ಕಚ್ಚಿದಾಗ ಆಂಕೊಸೆರ್ಕಾ ಎಂಬ ಹುಳುವಿನ ಮರಿಗಳು ದೇಹವನ್ನು ಸೇರುತ್ತವೆ. ಬೆಳೆದ ಹುಳುಗಳು ಚರ್ಮದಡಿಯ ಗಂಟುಗಳಲ್ಲಿ ಹತ್ತು ಹದಿನೈದು ವರ್ಷ ಬದುಕಿ, ಲಕ್ಷಗಟ್ಟಲೆ ಸೂಕ್ಷ್ಮ ಮರಿಗಳನ್ನು ಹಾಕುತ್ತವೆ. ಇವು ಚರ್ಮದಲ್ಲಿ ಹರಿದಾಡಿ ನಿದ್ದೆಗೆಡಿಸುವ ತುರಿಕೆ ತರುತ್ತವೆ, ಕಣ್ಣನ್ನೂ ಹೊಗುತ್ತವೆ. ಕಣ್ಣಿಗೆ ಹೆಚ್ಚಿನ ಹಾನಿ ಆಗುವುದು ಮರಿಗಳು ಸತ್ತಾಗ: ಅವುಗಳೊಳಗಿನ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಹೊರಬಿದ್ದು ಉರಿಯೂತ ಏಳುತ್ತದೆ, ಅದು ವರ್ಷಗಟ್ಟಲೆ ಮರುಕಳಿಸಿ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಬೆಳ್ಳಗಾಗುತ್ತದೆ. ಹಾಗೆ ಹೋದ ದೃಷ್ಟಿಯನ್ನು ಯಾವ ಗುಳಿಗೆಯೂ ಮರಳಿ ತರದು.

ಐವರ್ಮೆಕ್ಟಿನ್ ಎಂಬ ಹುಳುನಾಶಕ ಗುಳಿಗೆಯ ಉಪಯೋಗ ಇರುವುದು ಅದಕ್ಕೂ ಮುಂಚೆ, ಮರಿಗಳು ಕಣ್ಣಿನಲ್ಲಿ ಹೆಚ್ಚುವ ಮೊದಲೇ ಅವನ್ನು ಕೊಲ್ಲುವುದರಲ್ಲಿ. ಜಪಾನಿನ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಬಂದ ಈ ಔಷಧಕ್ಕಾಗಿ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ 2015ರ ನೊಬೆಲ್ ಹಂಚಿಕೊಂಡರು. ಬೇಕಾದಷ್ಟು ಕಾಲ, ಬೇಕಾದಷ್ಟು ಉಚಿತವಾಗಿ ಕೊಡುತ್ತೇವೆಂದು ಮರ್ಕ್ ಕಂಪನಿ 1987ರಲ್ಲೇ ಘೋಷಿಸಿತ್ತು. ಆದರೆ ಅದು ಮರಿಗಳನ್ನು ಕೊಲ್ಲುತ್ತದೆಯೇ ಹೊರತು ತಾಯಿಹುಳುವನ್ನಲ್ಲ. ಆದ್ದರಿಂದ ತಾಯಿಹುಳು ಮುಪ್ಪಾಗಿ ಸಾಯುವವರೆಗೂ, ರೋಗದ ಲಕ್ಷಣವಿಲ್ಲದವರೂ ಸೇರಿದಂತೆ ಊರಿಗೆ ಊರೇ ವರ್ಷಕ್ಕೊಮ್ಮೆಯಾದರೂ ಗುಳಿಗೆ ನುಂಗಬೇಕು. ಲೋವಾ ಲೋವಾ ಎಂಬ ಇನ್ನೊಂದು ಹುಳುವಿನ ಮರಿಗಳು ರಕ್ತದಲ್ಲಿ ಹೆಚ್ಚಿರುವವರಿಗೆ ಇದೇ ಔಷಧ ಮೆದುಳಿಗೆ ಅಪಾಯ ತರುವುದರಿಂದ ಮಧ್ಯ ಆಫ್ರಿಕಾದಲ್ಲಿ ಈ ಕೆಲಸ ಇನ್ನೂ ಕಠಿಣ.

ಇಷ್ಟಾದರೂ ಕೊಲಂಬಿಯಾ 2013ರಲ್ಲಿ ರೋಗಮುಕ್ತ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಆಫ್ರಿಕಾದ ದೇಶಗಳಲ್ಲಿ ಮೊದಲನೆಯದಾಗಿ ನೈಜರ್ 2025ರ ಜನವರಿಯಲ್ಲಿ ಆ ಮನ್ನಣೆ ಪಡೆಯಿತು.

ನಮ್ಮ ನೆರೆಯ ಯಾದಗಿರಿಯಲ್ಲಿ ಆನೆಕಾಲು ರೋಗದ ವಿರುದ್ಧ ಮನೆಮನೆಗೆ ಕೊಟ್ಟ ಮೂರು ಔಷಧಗಳಲ್ಲಿ ಇದೇ ಐವರ್ಮೆಕ್ಟಿನ್ ಒಂದು. ಆಶಾ ಕಾರ್ಯಕರ್ತೆಯರ ಕೈಯಿಂದ ಗುಳಿಗೆ ಪಡೆದು, ‘ನಾವು ಗಟ್ಟಿಮುಟ್ಟಾಗಿದ್ದೇವಲ್ಲ’ ಎಂದು ನುಂಗದೆ ಮಾಡದೊಳಗಿಡುವವರನ್ನು ನೆನೆದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಲ್ಲೂ ಲೆಕ್ಕ ಅದೇ: ಲಕ್ಷಣ ಕಾಣದವರ ರಕ್ತದಲ್ಲೂ ಆನೆಕಾಲು ರೋಗದ ಹುಳುವಿನ ಮರಿಗಳಿದ್ದು, ಸೊಳ್ಳೆ ಅವನ್ನೇ ಪಕ್ಕದ ಮನೆಗೆ ಒಯ್ಯುತ್ತದೆ.

ಆ ಹಿರಿಯರಿಗೆ ಬೇಕಾದದ್ದು ಗುಳಿಗೆಯಲ್ಲ, ಯಾರೋ ದಾನ ಮಾಡಿದ ಕಾರ್ನಿಯಾ. ಅವರ ಹೆಸರನ್ನು ಕಸಿಯ ಸರದಿಯಲ್ಲಿ ಬರೆಸಿದ್ದೇವೆ.