ಏಳುವ ಮೊದಲೇ ಮಗುಚುವ ಗೈರೋಪ್ಲೇನ್

ಮೊನ್ನೆ ಕಲಬುರಗಿಯ ಮನೆಯಲ್ಲಿ ಅಣ್ಣನ ಮಗ ಮೊಬೈಲ್ ಹಿಡಿದು ಬಂದ. ಯಾವುದೋ ದೇಶದ ವಿಡಿಯೋ. ರನ್‌ವೇ ಮೇಲೆ ಓಡುತ್ತಿದ್ದ ಗೈರೋಪ್ಲೇನ್ ಏಳುವ ಮೊದಲೇ ಎಡಕ್ಕೆ ಮಗುಚಿತು. "ಕಾಕಾ, ಎಂಜಿನ್ ಫೇಲ್ ಆಗ್ಯದ ನೋಡ್ರಿ" ಎಂದ. "ಆವಾಜ್ ಜರಾ ಹೆಚ್ಚು ಮಾಡು" ಎಂದೆ. ಎಂಜಿನ್ ಕೊನೆಯವರೆಗೂ ಜೋರಾಗಿಯೇ ಓಡುತ್ತಿತ್ತು.

ಹಾರಾಟ ಕಲಿಸುವ ನನಗೆ ಈ ಮಾತು ಹೊಸದಲ್ಲ. ನೋಡಲು ಪುಟ್ಟ ಹೆಲಿಕಾಪ್ಟರ್ ತರಹ ಇದೆ, ಅಲ್ವಾ? ಆದರೆ ಹಾರುವಾಗ ಇದರ ಎಂಜಿನ್ ತಿರುಗಿಸುವುದು ಪ್ರೊಪೆಲರನ್ನು ಮಾತ್ರ. ತಲೆ ಮೇಲಿನ ರೋಟರ್ ಕೆಳಗಿಂದ ನುಗ್ಗುವ ಗಾಳಿಗೆ ತಾನೇ ತಿರುಗುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಮಕ್ಕಳು ಕಾಗದದ ಗಿರಗಿಟ್ಲೆ ಹಿಡಿದು ಓಡುತ್ತಾರಲ್ಲ, ಹಾಗೆ.

ಓಟ ಶುರುವಾಗುವ ಮೊದಲು ಮಾತ್ರ ರೋಟರಿಗೆ ಎಂಜಿನ್‌ನಿಂದ ಒಂದಿಷ್ಟು ತಿರುಗು ಕೊಡುತ್ತೇವೆ. ಈಗಿನ ಹಲವು ಯಂತ್ರಗಳಲ್ಲಿ ಅದು ನಿಮಿಷಕ್ಕೆ 200 ಸುತ್ತಿನ ಆಸುಪಾಸು. ಆಮೇಲೆ ಸ್ಟಿಕ್, ಅಂದರೆ ರೋಟರನ್ನು ವಾಲಿಸುವ ಹಿಡಿಕೆ, ಪೂರ್ತಿ ಹಿಂದಕ್ಕೆ ಎಳೆದು ಓಡಿಸಬೇಕು. ಆಗ ರೋಟರ್ ಹಿಂದಕ್ಕೆ ವಾಲಿ, ಕೆಳಗಿಂದ ಗಾಳಿ ನುಗ್ಗಿ ಅದರ ವೇಗ ಏರುತ್ತದೆ.

ತಪ್ಪುವುದು ಹೆಚ್ಚಾಗಿ ಇಲ್ಲೇ. ಸ್ಟಿಕ್ ಎಳೆಯುವುದನ್ನೇ ಮರೆಯುತ್ತಾರೆ. ಇಲ್ಲವೇ ರೋಟರ್ ತಿರುಗಿಸಿಟ್ಟು ಯಾರ ಅಪ್ಪಣೆಗೋ ಕಾಯುತ್ತಾರೆ; ಅಷ್ಟರಲ್ಲಿ ಅದು ನಿಧಾನವಾಗಿರುತ್ತದೆ. ಹಾಗೇ ಥ್ರಾಟಲ್ ಕೊಟ್ಟರೆ, ಅಂದರೆ ಎಂಜಿನ್ನಿನ ಬಲ ಏರಿಸಿದರೆ, ಯಂತ್ರದ ಓಟ ಜಾಸ್ತಿ, ರೋಟರಿನ ಸುತ್ತು ಕಡಿಮೆ. ಮುಂದಕ್ಕೆ ಬರುವ ಬ್ಲೇಡಿಗೆ ಎದುರುಗಾಳಿ ಸೇರಿ ಎತ್ತುವ ಬಲ ಹೆಚ್ಚು. ಹಿಂದಕ್ಕೆ ಹೋಗುವ ಬ್ಲೇಡಿಗೆ ಗಾಳಿಯೇ ಸಿಗುವುದಿಲ್ಲ. ಬ್ಲೇಡುಗಳು ತಕ್ಕಡಿ ದಂಡಿಗೆಯ ಹಾಗೆ ಮೇಲೆ ಕೆಳಗೆ ಬಡಿಯತೊಡಗುತ್ತವೆ, ಸ್ಟಿಕ್ ಕೈಯಲ್ಲಿ ಅದುರುತ್ತದೆ. ಗಾಬರಿಯಲ್ಲಿ ಸ್ಟಿಕ್ಕನ್ನು ಒಮ್ಮೆಲೇ ಎಳೆದರಂತೂ ಮುಗಿಯಿತು. ಬ್ಲೇಡ್ ಬಾಲಕ್ಕೋ ನೆಲಕ್ಕೋ ಹೊಡೆದು, ಹಿಂದಕ್ಕೆ ಹೋಗುವ ಬ್ಲೇಡಿನ ಕಡೆಗೇ ಯಂತ್ರ ಉರುಳುತ್ತದೆ. ಮೇಲಿನಿಂದ ನೋಡಿದಾಗ ಗಡಿಯಾರಕ್ಕೆ ಎದುರಾಗಿ ತಿರುಗುವ ರೋಟರಿನಲ್ಲಿ ಅದು ಎಡಗಡೆ.

ಗೈರೋಪ್ಲೇನ್ ಕಂಡುಹಿಡಿದ ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾನ ಮೊದಲ ಯಂತ್ರಗಳೂ ಹೀಗೇ ಪಕ್ಕಕ್ಕೆ ವಾಲುತ್ತಿದ್ದವು. ಬ್ಲೇಡಿನ ಬುಡಕ್ಕೆ ಕೀಲು ಕೊಟ್ಟ ಮೇಲೆಯೇ, 1923ರಲ್ಲಿ, ಹಾರಾಟ ಕೈಗೂಡಿತು. ಕೀಲು ವಾಲುವುದನ್ನು ತಡೆಯಿತು, ಅವಸರವನ್ನಲ್ಲ. ಸ್ಟಿಕ್ ಅದುರಿದ ಕೂಡಲೇ ಥ್ರಾಟಲ್ ಇಳಿಸಿ ಓಟ ಕೈಬಿಡಿ ಎಂದು ನಾನು ಕಲಿಯುವವರಿಗೆ ಬೇಸರ ಬರುವಷ್ಟು ಸಲ ಹೇಳುತ್ತೇನೆ.

ಎರಡನೆಯ ಅನುಮಾನ ನಮ್ಮ ಬಿಸಿಲಿನದು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. 40 ಡಿಗ್ರಿ ಬಿಸಿಲಿಗೆ ಇಲ್ಲಿನ ಗಾಳಿ ಸುಮಾರು 4,800 ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಬೀದರ್ ಇನ್ನೂ ಎತ್ತರ. ಎಂಜಿನ್ ಸೊರಗುತ್ತದೆ, ಪ್ರೊಪೆಲರ್ ನೂಕುವುದೂ ಕಡಿಮೆ. ಆಗ ಮೂತಿ ಎತ್ತಿ ನಿಧಾನವಾಗಿ ನೆಲ ಬಿಟ್ಟರೆ ಪೂರ್ತಿ ಥ್ರಾಟಲ್ ಕೊಟ್ಟರೂ ಮೇಲೇರದು. ನೆಲದ ಹತ್ತಿರವೇ ಸ್ವಲ್ಪ ದೂರ ಸಾಗಿ ವೇಗ ಹಿಡಿಯಬೇಕು. ಕಲಬುರಗಿಯ ರನ್‌ವೇ ಮೂರು ಕಿಲೋಮೀಟರ್ ಮೀರಿದೆ; ಇಂಥ ಜಾಗದಲ್ಲೂ ಸುಮ್ನೆ ಅವಸರಪಡುವವರಿದ್ದಾರೆ!

ಅಡ್ಡಗಾಳಿ, ಜೇಬಿನಿಂದ ಜಾರಿ ಹಿಂದಿನ ಪ್ರೊಪೆಲರಿಗೆ ಬಡಿಯುವ ಮೊಬೈಲ್, ಇವೂ ಕಾರಣಗಳೇ. ಬಿದ್ದ ಜಾಗಕ್ಕೆ ಹೋದರೆ ನಾನು ಮೊದಲು ನೋಡುವುದು ಬಾಲವನ್ನು. ಅಲ್ಲಿ ಬ್ಲೇಡಿನ ಏಟಿನ ಗುರುತಿದ್ದು, ಪ್ರೊಪೆಲರಿನ ಎಲ್ಲ ರೆಕ್ಕೆಗಳೂ ಚೂರಾಗಿದ್ದರೆ, ಬೀಳುವಾಗಲೂ ಎಂಜಿನ್ ಅದನ್ನು ಜೋರಾಗಿ ತಿರುಗಿಸುತ್ತಿತ್ತು ಎಂದರ್ಥ; ಎಂಜಿನ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಗುತ್ತದೆ.

ಹುಡುಗ ವಿಡಿಯೋ ಮತ್ತೆ ಹಾಕಿದ. "ರೋಟರ್ ನಿಧಾನ ತಿರಗಾಕತ್ತದ, ಕಾಕಾ" ಎಂದ. ಜೋರಾಗಿ ತಿರುಗುವುದನ್ನೂ ಮೊಬೈಲ್ ಕ್ಯಾಮೆರಾ ನಿಧಾನವಾಗಿ ತಿರುಗಿದ ಹಾಗೆ ತೋರಿಸಬಹುದು, ಅದನ್ನು ನಂಬಬೇಡ ಎಂದೆ. ಉರುಳುವ ಮುಂಚೆ ಬಾಲ ಎರಡು ಸಲ ಅದುರಿದ್ದನ್ನು ತೋರಿಸಿದೆ.