ಹಾಕಿದ ಮೆಮೊರಿ ವಾಪಸ್ ಬೇಕಾದರೆ ಮೊದಲೇ ಹೇಳ್ರಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಜೋರಾದರೆ ಹುಬ್ಬಳ್ಳಿಯಲ್ಲಿ ನನ್ನ ಫೋನೂ ಜೋರಾಗುತ್ತದೆ. "ಸರ, ಲೆಕ್ಕದ ಸರ್ವರ್ ಎಳೀವಲ್ತು, ಇನ್ನೊಂದ್ ಎಂಟು ಜಿಬಿ ಹಾಕ್ರಿ." ಆ ಸರ್ವರ್ ಒಂದು ವರ್ಚುವಲ್ ಮಷೀನ್, ಅಂದರೆ ದೊಡ್ಡ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಕಟ್ಟಿದ ಕಂಪ್ಯೂಟರ್. ಅದು ಓಡುತ್ತಿರುವಾಗಲೇ ಮೆಮೊರಿ ಹಾಕುತ್ತೇನೆ, ಯಾರ ಬಿಲ್ಲೂ ನಿಲ್ಲುವುದಿಲ್ಲ. ತಕರಾರು ಶುರುವಾಗುವುದು ಸೀಜನ್ ಮುಗಿದ ಮೇಲೆ: "ಹಾಕಾಕ ಎರಡ್ ನಿಮಿಷ ಸಾಕಾತು, ತಗ್ಯಾಕ ಮಷೀನ್ ಯಾಕ ಬಂದ್ ಮಾಡಬೇಕ್ರಿ?"

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೇ. ಹೊಸದಾಗಿ ಬಂದ ಮೆಮೊರಿ ಖಾಲಿ ಇರುತ್ತದೆ. ಮಷೀನಿನ ಒಳಗಿನ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಅದನ್ನು ತುಂಡು ತುಂಡಾಗಿ, ಸಾಮಾನ್ಯವಾಗಿ 128 ಎಂಬಿ ಲೆಕ್ಕದಲ್ಲಿ, ಬಳಕೆಗೆ ತೆಗೆದುಕೊಳ್ಳುತ್ತದೆ. ವಾಪಸ್ ಕೊಡಬೇಕಾದರೆ ಆ ತುಂಡಿನಲ್ಲಿ ಬಳಕೆಯಲ್ಲಿರುವ ಒಂದೊಂದು ಪುಟವನ್ನೂ (ಮೆಮೊರಿಯ ಸಣ್ಣ ಭಾಗ) ಬೇರೆ ಕಡೆ ಸಾಗಿಸಬೇಕು. ಅಂಗಳದಲ್ಲಿಟ್ಟ ಚೀಲ ಸರಿಸಬಹುದು, ಅಲ್ಲಿ ನೆಟ್ಟ ಕಂಬ ಸರಿಸಲಾಗದು. ಪ್ರೋಗ್ರಾಮುಗಳ ಪುಟ ಚೀಲವಿದ್ದಂತೆ, ಲಿನಕ್ಸಿನ ತಿರುಳಾದ ಕರ್ನಲ್ ತನಗೆಂದು ಹಿಡಿದ ಪುಟ ಕಂಬ. ತುಂಡಿನಲ್ಲಿ ಅಂಥ ಒಂದೇ ಪುಟ ಇದ್ದರೂ ಪೂರ್ತಿ ತುಂಡು ಸಿಕ್ಕಿಬೀಳುತ್ತದೆ. ಆಫ್‌ಲೈನ್ ಮಾಡಲು, ಅಂದರೆ ಬಳಕೆಯಿಂದ ತೆಗೆಯಲು, ಹೋದರೆ ಪರದೆಯ ಮೇಲೆ 'ಡಿವೈಸ್ ಆರ್ ರಿಸೋರ್ಸ್ ಬ್ಯುಸಿ' ಎಂದು ಬರುತ್ತದೆ. "ಆರು ಜಿಬಿ ಫ್ರೀ ತೋರಸಾಕತ್ತದಲ್ರಿ" ಎನ್ನುತ್ತಾರೆ. ಇರಬಹುದು. ಆ ಆರು ಜಿಬಿ ಎಲ್ಲೆಲ್ಲಿ ಚೆಲ್ಲಾಡಿದೆ ಎಂಬುದೇ ಮುಖ್ಯ.

ಆದ್ದರಿಂದ ವಾಪಸ್ ಬೇಕಾಗುವ ಮೆಮೊರಿಯನ್ನು ಹಾಕುವಾಗಲೇ 'ಆನ್‌ಲೈನ್ ಮೂವೆಬಲ್' ಮಾಡಬೇಕು, ಅಂದರೆ ಸರಿಸಬಹುದಾದ ಪುಟಗಳಿಗೇ ಮೀಸಲಿಡಬೇಕು. ಆಗ ಕರ್ನಲ್ ಅಲ್ಲಿ ಕಂಬ ನೆಡುವುದಿಲ್ಲ. ಹಾಗಂತ ಇದ್ದದ್ದೆಲ್ಲ ಮೂವೆಬಲ್ ಮಾಡಿದರೆ ಕರ್ನಲ್ಲಿಗೇ ಜಾಗ ಸಾಲದೆ ಮಷೀನ್ ಪರದಾಡುತ್ತದೆ, ಹದ ನೋಡಿಕೊಳ್ಳಬೇಕು. 2020ರಲ್ಲಿ ಲಿನಕ್ಸ್ 5.8ರ ಜೊತೆ ಬಂದ ವರ್ಟಿಯೊ-ಮೆಮ್ ಎಂಬ ವ್ಯವಸ್ಥೆ ಮೆಮೊರಿ ಹಾಕುವ, ತೆಗೆಯುವ ಈ ಕೆಲಸವನ್ನು ಸಣ್ಣ ತುಂಡುಗಳಲ್ಲಿ ಮಾಡುತ್ತದೆ. ಅದರಲ್ಲೂ ಕೇಳಿದಷ್ಟು ಪೂರ್ತಿ ಸಿಕ್ಕೇ ಸಿಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ.

ಬಲೂನ್ ಎಂಬ ಡ್ರೈವರ್ ಬೇರೆ ದಾರಿ. ಅದು ಒಳಗೆ ಕೂತು ಪುಟಗಳನ್ನು ಹಿಡಿದು, ಕೆಳಗಿನ ನಿಜವಾದ ಕಂಪ್ಯೂಟರ್ ಆದ ಹೋಸ್ಟ್‌ಗೆ ಬಿಟ್ಟುಕೊಡುತ್ತದೆ. ಗದಗಿನ ಒಂದು ಪ್ರೆಸ್‌ನಲ್ಲಿ ಮಾಲೀಕರ ಅವಸರಕ್ಕೆ ಹುಡುಗನೊಬ್ಬ ನಡುಹಗಲೇ ಬಲೂನ್ ಊದಿಸಿದ. ಉಸಿರಾಡಲು ಜಾಗವಿಲ್ಲದೆ ಲಿನಕ್ಸ್ ಡೇಟಾಬೇಸನ್ನೇ ಕೊಂದುಹಾಕಿತು. ಹುಡುಗ ಶಾಣ್ಯಾ ಇದ್ದ, ಲಾಗ್ ಓದಿ ಕಾರಣವನ್ನು ತಾನೇ ಹೇಳಿದ. ಬೈಗುಳ ಮಾತ್ರ ಅವನಿಗೇ ಬಿತ್ತು. ನನಗೆ ಇವತ್ತಿಗೂ ಸಿಟ್ಟಿದೆ.

ವರ್ಚುವಲ್ ಮಷೀನ್ ನಡೆಸುವ ಸಾಫ್ಟ್‌ವೇರ್ ವಿಎಂವೇರ್ ಆದರೆ ಓಡುವ ಮಷೀನಿಗೆ ಹಾಕಬಹುದು, ತೆಗೆಯುವಂತಿಲ್ಲ. ಹಾಕಲಿಕ್ಕೂ ಆ ಸೌಲಭ್ಯವನ್ನು ಮಷೀನ್ ಬಂದ್ ಇದ್ದಾಗಲೇ ಆನ್ ಮಾಡಿರಬೇಕು. ಅಂಥದೇ ಇನ್ನೊಂದಾದ ಕೆವಿಎಂನಲ್ಲೂ ಮೆಮೊರಿಯ ಗರಿಷ್ಠ ಮಿತಿ ಶುರುವಿನಲ್ಲೇ ಕೊಟ್ಟಿರಬೇಕು.

ಆದ್ದರಿಂದ ಫೋನ್ ಮಾಡಿದಾಗ ಎಷ್ಟು ಜಿಬಿ ಎಂಬುದರ ಜೊತೆಗೆ ಎಷ್ಟು ದಿನಕ್ಕೆ ಎಂಬುದನ್ನೂ ಹೇಳ್ರಿ. ಈಗಾಗಲೇ ಹಾಕಿಸಿಕೊಂಡವರು ಬ್ಯಾಕಪ್ ಮುಗಿಸಿ, ಒಂದು ಭಾನುವಾರ ರಾತ್ರಿ ಮಷೀನ್ ಬಂದ್ ಮಾಡಲು ಬಿಡ್ರಿ. ಕಡಿಮೆ ಮಾಡಿ ಮತ್ತೆ ಚಾಲೂ ಮಾಡಿಕೊಡುತ್ತೇನೆ.